ನೂರು ಕಿಲೋಮೀಟರಿನ ಪಾಸು

ನನ್ನ ಅಕ್ಕನ ಮಗನಿಗೆ ಮುಂದಿನ ವರ್ಷ ಹದಿನೆಂಟು ತುಂಬುತ್ತದೆ. ಶಿರಸಿಯ ಹೊರಗಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದ ಅವನನ್ನು ನಾವೆಲ್ಲ ಇಂದಿಗೂ ಮಾಣಿ, ಅಂದರೆ ಹುಡುಗ, ಎಂದೇ ಕರೆಯುತ್ತೇವೆ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಎರಡಿರಬೇಕಾದ 21ನೇ ವರ್ಣತಂತು (ಕ್ರೋಮೋಸೋಮ್) ಅವನ ಜೀವಕೋಶಗಳಲ್ಲಿ ಮೂರಿವೆ. ಅವನು ಹುಟ್ಟಿದಾಗ ಅಕ್ಕನಿಗೆ 26 ವರ್ಷ. ತಡವಾಗಿ ಹೆತ್ತದ್ದರಿಂದ ಹೀಗಾಯಿತು ಎನ್ನಲು ಆಸ್ಪದವಿಲ್ಲದ್ದರಿಂದ ನೆಂಟರು, ಬಸುರಿಯಾಗಿದ್ದ ಅವಳು ಗ್ರಹಣದ ದಿನ ಅಂಗಳಕ್ಕಿಳಿದದ್ದೇ ಕಾರಣವೆಂದು ತೀರ್ಮಾನಿಸಿದರು. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಏರುವುದು ನಿಜ, 40ರ ಹೊತ್ತಿಗೆ ಅದು ನೂರಕ್ಕೆ ಒಂದರ ಹತ್ತಿರ ಬರುತ್ತದೆ. ಆದರೆ ಹೆಚ್ಚಿನ ಹೆರಿಗೆಗಳು ಎಳೆಯ ವಯಸ್ಸಿನಲ್ಲೇ ಆಗುವುದರಿಂದ ಇಂಥ ಮಕ್ಕಳಲ್ಲಿ ಬಹಳಷ್ಟು ಮಂದಿ 35ರೊಳಗಿನ ತಾಯಂದಿರಿಗೇ ಹುಟ್ಟುತ್ತಾರೆ.

ಸಾಮಾನ್ಯವಾಗಿ 800ರಿಂದ 1000 ಜನನಗಳಿಗೆ ಒಂದು ಎಂಬ ಲೆಕ್ಕವಿದೆ. 2011ರ ಜನಗಣತಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ಹುಟ್ಟಿನ ಪ್ರಮಾಣವನ್ನು ಸಾವಿರಕ್ಕೆ ಹದಿನೈದರಂತೆ ಹಿಡಿದರೂ ವರ್ಷಕ್ಕೆ ಇಂಥ ಇಪ್ಪತ್ತಕ್ಕೂ ಹೆಚ್ಚು ಕೂಸುಗಳಾದವು. ಇದು ನನ್ನ ಕೈಲೆಕ್ಕ, ಸರ್ಕಾರದ್ದಲ್ಲ. ಹಾಗಿದ್ದರೂ ಪೇಟೆಯಲ್ಲಾಗಲಿ ಜಾತ್ರೆಯಲ್ಲಾಗಲಿ ನಮಗೆ ಎದುರಾಗುವವರು ಇಬ್ಬರೋ ಮೂವರೋ. ಉಳಿದವರು ಮನೆಯ ಒಳಕೋಣೆಯಲ್ಲಿದ್ದಾರೆ, ಇಲ್ಲವೇ ಬದುಕುಳಿದಿಲ್ಲ. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಮಾಣಿ ಹುಟ್ಟಿದಲ್ಲಿ ಹೃದಯದ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ; ಏಳನೇ ತಿಂಗಳಲ್ಲಿ ಹಾಲು ಕುಡಿಯುವಾಗ ಬೆವರುವುದನ್ನು ಕಂಡು ಅಕ್ಕನೇ ಹಟ ಹಿಡಿದಳು, ಜಿಲ್ಲೆಯ ಗಡಿ ದಾಟಿ ಶಸ್ತ್ರಚಿಕಿತ್ಸೆ ಆಯಿತು. 2013ರಲ್ಲಿ ಆರಂಭವಾದ, ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮ್ ಹೆಸರಿಸಿಯೇ ಇದೆ. ಇಂದು ಹುಟ್ಟುವ ಮಗುವಿಗೆ ಅಷ್ಟಾದರೂ ಆಸರೆಯಿದೆ.

ಸೌಲಭ್ಯಗಳೇ ಇಲ್ಲ ಎಂದು ನಾನು ದೂರುವುದಿಲ್ಲ. ಮಾಸಾಶನವಿದೆ, ಇಂಥವರಿಗೆಂದೇ ಇರುವ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಿದೆ. ಆದಾಯ ತೆರಿಗೆಯಲ್ಲಿ 75,000 ರೂಪಾಯಿ ಕಡಿತವೂ ಇದೆಯಂತೆ. ಕೃಷಿ ಆದಾಯಕ್ಕೆ ತೆರಿಗೆಯೇ ಕಟ್ಟದ ಭಾವನಿಗೆ ಅದರಿಂದ ಏನಾಗಬೇಕು? ತೊಡಕಿರುವುದು ಇವೆಲ್ಲಕ್ಕೂ ಬೀಗದ ಕೈಯಂತಿರುವ ಅಂಗವಿಕಲತೆಯ ಪ್ರಮಾಣಪತ್ರದಲ್ಲಿ. 2016ರ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಡೌನ್ ಸಿಂಡ್ರೋಮ್ ಪ್ರತ್ಯೇಕವಾಗಿ ಇಲ್ಲ, ಅದು ಬೌದ್ಧಿಕ ವೈಕಲ್ಯದೊಳಗೆ ಬರುತ್ತದೆ. ಆದ್ದರಿಂದ ಅಳೆಯುವುದು ವರ್ಣತಂತುವನ್ನಲ್ಲ, ಬುದ್ಧಿಯನ್ನು. ಸರ್ಕಾರದ ಮಾರ್ಗಸೂಚಿಯಂತೆ ಐದು, ಹತ್ತು ಮತ್ತು ಹದಿನೆಂಟನೇ ವಯಸ್ಸಿನಲ್ಲಿ ಪತ್ರವನ್ನು ನವೀಕರಿಸಬೇಕು, ಕೊನೆಯದ್ದು ಮಾತ್ರ ಜೀವನಪೂರ್ತಿಯದು. ಬುದ್ಧಿ ಬೆಳೆಯಬಹುದು, ಅಳೆಯಲಿ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಮೂರನೇ ವರ್ಣತಂತು ಎಂದೂ ಹೋಗದು ಎಂದು ಗೊತ್ತಿರುವಾಗ ಪತ್ರದ ಅವಧಿ ಮುಗಿದೊಡನೆ ಮಾಸಾಶನ ನಿಲ್ಲುವುದನ್ನು ಒಪ್ಪಲಾರೆ. ಹಿಂದಿನ ಸಲ ನಮಗೆ ಅದು ನಾಲ್ಕು ತಿಂಗಳು ನಿಂತಿತ್ತು.

ಅಳೆಯುವವರು ಇರುವಲ್ಲಿಗೆ ಎಂದು ನಮ್ಮನ್ನು ಕಳಿಸುವುದು ಕಾರವಾರಕ್ಕೆ. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಅಂಕೋಲಾ ದಾಟಿ, ಸುಮಾರು 120 ಕಿಲೋಮೀಟರ್. ವಿಕಲಚೇತನರ ರಿಯಾಯಿತಿ ಪಾಸು ನಡೆಯುವುದು ಮನೆಯಿಂದ 100 ಕಿಲೋಮೀಟರ್ ಮಾತ್ರ. ಹೋದ ವರ್ಷ ಹೋದಾಗ ಶಕ್ತಿ ಯೋಜನೆಯಿಂದಾಗಿ ಅಕ್ಕನಿಗೆ ಪೂರ್ತಿ ದಾರಿ ಉಚಿತ, ಪಕ್ಕದಲ್ಲಿ ಕುಳಿತ ಮಗನಿಗೆ ಅಂಕೋಲಾದ ಆಚೆ ಟಿಕೆಟ್ಟು. ಕಂಡಕ್ಟರ್ ಸಂಕೋಚದಿಂದಲೇ ಹರಿದುಕೊಟ್ಟ. ಮಾಣಿ ಅದನ್ನು ಅಂಗಿಯ ಜೇಬಿನಲ್ಲಿ ಜೋಪಾನ ಮಾಡಿಕೊಂಡ.

ಹದಿನೆಂಟಾದ ಮೇಲೆ ಇನ್ನೊಂದು ಕೆಲಸವಿದೆ, ಇದನ್ನು ಬಹಳ ಮಂದಿ ಪಾಲಕರು ಅರಿತಿರುವುದಿಲ್ಲ. ಮಗ ಪ್ರಾಪ್ತವಯಸ್ಕನಾದ ದಿನದಿಂದ ಹೆತ್ತವರು ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ತೋಟದ ಪಹಣಿಯಲ್ಲಿ ಅವನ ಹೆಸರು ಸೇರಿಸಬೇಕೆಂದಿರುವ ಭಾವನಿಗೆ ಇದು ಈಗ ತುರ್ತಿನ ವಿಷಯ. ಪ್ರಮಾಣಪತ್ರ ಮತ್ತು ಪೋಷಕತ್ವ ಎರಡನ್ನೂ ಒಂದೇ ದಿನ ಮುಗಿಸಬಹುದೇ ಎಂದು ಅಕ್ಕ ಫೋನಿನಲ್ಲಿ ವಿಚಾರಿಸಿದಳು. ಅದರ ವಾರ ಬೇರೆ, ಇದರ ದಿನ ಬೇರೆ ಎಂಬ ಉತ್ತರ ಬಂತು.