ಹೆಂಚಿನ ಚೂರಿನ ಮೇಲೆ ನನ್ನ ಹೆಸರು

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಹಿಂದೆ ಒಡೆದ ಮಂಗಳೂರು ಹೆಂಚುಗಳ ರಾಶಿಯೊಂದು ಬಿದ್ದಿರುತ್ತಿತ್ತು. ಬಿ.ಎ. ಎರಡನೆಯ ವರ್ಷದ ಒಂದು ಶುಕ್ರವಾರ ನಮ್ಮ ಇತಿಹಾಸದ ಮೇಷ್ಟ್ರು, ‘ನಾಳೆ ಎಲ್ಲರೂ ಅಂಗೈ ಅಗಲದ ಒಂದು ಹೆಂಚಿನ ಚೂರು, ಒಂದು ಮೊಳೆ ತನ್ನಿ’ ಎಂದರು. ಏಕೆಂದು ಹೇಳಲಿಲ್ಲ. ಮರುದಿನ ಬೆಳಗ್ಗೆ ನಲವತ್ತೊಂದು ಜನ ಆ ರಾಶಿಯ ಸುತ್ತ ಕುಕ್ಕರಗಾಲಿನಲ್ಲಿ ಕುಳಿತು ಚೂರು ಆರಿಸಿದ್ದು, ಬೆರಳಿಗೆ ಕೆಂಪು ಪುಡಿ ಮೆತ್ತಿಕೊಂಡದ್ದು ಇಪ್ಪತ್ತೆಂಟು ವರ್ಷಗಳ ನಂತರವೂ ನನ್ನ ಕಣ್ಣ ಮುಂದಿದೆ.

ಆ ವಾರವಿಡೀ ನಾವು ಪ್ರಾಚೀನ ಗ್ರೀಸಿನ ಎರಡು ನಗರರಾಜ್ಯಗಳಾದ ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವೆಯೇ ಇದ್ದೆವು. ಸೋಮವಾರ ಸರ್ ಕಪ್ಪುಹಲಗೆಯ ನಡುವೆ ಉದ್ದಗೆರೆ ಎಳೆದು, ಆಚೆ ಈಚೆ ಎರಡು ಊರುಗಳ ಹೆಸರು ಬರೆದು, ‘ಯಾವುದು ಒಳ್ಳೆಯದು?’ ಎಂದು ಕೇಳಿದ್ದರು. ಹಿಂದಿನ ಬೆಂಚಿನ ಹುಡುಗರೆಲ್ಲ ಸ್ಪಾರ್ಟಾ ಕಡೆ. ಥರ್ಮೊಪಿಲೆಯ ಕಣಿವೆಯಲ್ಲಿ ಪರ್ಷಿಯನ್ನರ ದಂಡನ್ನು ತಡೆದು ನಿಂತ ಮುನ್ನೂರು ಜನರ ಕಥೆ ಅವರಿಗೆ ಬಾಯಿಪಾಠವಾಗಿತ್ತು. ಮುಂದಿನ ಸಾಲಿನ ನಾವು ಅಥೆನ್ಸ್ ಕಡೆ. ನಾಟಕ, ಶಿಲ್ಪ, ತತ್ತ್ವಶಾಸ್ತ್ರ, ಪ್ರಜಾಪ್ರಭುತ್ವ ಎಂದು ಪಟ್ಟಿ ಒಪ್ಪಿಸಿದೆವು. ಸರ್ ಯಾರನ್ನೂ ಮೆಚ್ಚಲಿಲ್ಲ. ‘ಮೊದಲು ಅವರು ಹೇಗೆ ಆರಿಸುತ್ತಿದ್ದರು ಎಂಬುದನ್ನು ನೋಡೋಣ, ಆಮೇಲೆ ತೀರ್ಪು’ ಎಂದರು.

ಮಂಗಳವಾರ ಸ್ಪಾರ್ಟಾದ ಚುನಾವಣೆ. ಅಲ್ಲಿ ಇಬ್ಬರು ರಾಜರು, ಎರಡು ಮನೆತನಗಳಿಂದ ಒಬ್ಬೊಬ್ಬರು. ಅವರ ಜೊತೆ ಅರವತ್ತು ದಾಟಿದ 28 ಹಿರಿಯರ ಸಭೆ. ಒಮ್ಮೆ ಆಯ್ಕೆಯಾದರೆ ಸಾಯುವವರೆಗೂ ಸ್ಥಾನ. ಇವರೆಲ್ಲರ ಮೇಲೆ ಕಣ್ಣಿಡಲು ವರ್ಷಕ್ಕೊಮ್ಮೆ ಆಯ್ಕೆಯಾಗುವ ಐವರು ಎಫರ್‌ಗಳು. ಹಿರಿಯರನ್ನು ಆರಿಸುವ ಬಗೆಯನ್ನು ಪ್ಲುಟಾರ್ಕ್ ವಿವರಿಸಿದ್ದಾನೆ. ಸರ್ ಅದನ್ನೇ ನಮ್ಮಿಂದ ಮಾಡಿಸಿದರು. ನಾಲ್ವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಉಮೇದುವಾರರು ಒಬ್ಬೊಬ್ಬರಾಗಿ ಬಾಯಿಬಿಡದೆ ತರಗತಿಯ ನಡುವೆ ಹಾದುಹೋದರು, ಬೇಕಾದವರಿಗೆ ನಾವು ಕೂಗಿದೆವು. ಒಳಗಿದ್ದವರಿಗೆ ಯಾರು ಹಾದುಹೋಗುತ್ತಿದ್ದಾರೆಂದು ಗೊತ್ತಿಲ್ಲ. ಮೊದಲನೆಯವನಿಗೆ ಎಷ್ಟು ಕೂಗು, ಎರಡನೆಯವನಿಗೆ ಎಷ್ಟು ಎಂದು ಕಿವಿಯಲ್ಲೇ ಅಳೆದು ಬರೆದುಕೊಳ್ಳಬೇಕು. ಅರಿಸ್ಟಾಟಲ್ ಇದನ್ನು ಮಕ್ಕಳಾಟವೆಂದು ತಳ್ಳಿಹಾಕಿದ. ಕ್ರಿ.ಪೂ. 432ರಲ್ಲಿ ಅಥೆನ್ಸಿನ ವಿರುದ್ಧ ಯುದ್ಧ ಹೂಡಬೇಕೇ ಎಂಬ ಪ್ರಶ್ನೆಯೂ ಸ್ಪಾರ್ಟಾದ ಸಭೆಯಲ್ಲಿ ಹೀಗೆಯೇ ಕೂಗಿಗೆ ಬಿತ್ತು. ಯಾವ ಕೂಗು ದೊಡ್ಡದೆಂದು ತನಗೆ ತಿಳಿಯುತ್ತಿಲ್ಲವೆಂದು ಎಫರ್ ಸ್ಥೆನೆಲೈಡಸ್ ಜನರನ್ನು ಎದ್ದು ಎರಡು ಕಡೆ ನಿಲ್ಲುವಂತೆ ಮಾಡಿದ. ಎಲ್ಲರ ಕಣ್ಣೆದುರು ಎದ್ದು ‘ನನಗೆ ಯುದ್ಧ ಬೇಡ’ ಎಂಬ ಗುಂಪಿಗೆ ನಡೆದುಹೋಗುವುದು ಎಷ್ಟು ಕಷ್ಟ ಎಂದು ಸರ್ ಕೇಳಿದಾಗ ಕೂಗಿ ಕೂಗಿ ಗಂಟಲು ಕಟ್ಟಿದ್ದ ನಾವು ಸುಮ್ಮನಾದೆವು.

ಅಥೆನ್ಸಿನದು ಬೇರೆಯೇ ದಾರಿ. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಹಳೆಯ ಕುಲಗಳ ಹಿಡಿತ ಮುರಿಯಲು ಇಡೀ ನಾಡನ್ನು ಹತ್ತು ಹೊಸ ಪಂಗಡಗಳಾಗಿ ಹಂಚಿದ. ಕರಾವಳಿ, ಒಳನಾಡು, ಪಟ್ಟಣ ಮೂರೂ ಕಡೆಯ ಜನ ಪ್ರತಿ ಪಂಗಡದಲ್ಲೂ ಬೆರೆಯುವಂತೆ ನೋಡಿಕೊಂಡ. ಪಂಗಡಕ್ಕೆ ಐವತ್ತರಂತೆ 500 ಜನರ ಮಂಡಳಿ, ಅದೂ ಚೀಟಿ ಎತ್ತಿ. ಒಬ್ಬ ಬದುಕಿನಲ್ಲಿ ಎರಡು ಸಲಕ್ಕಿಂತ ಹೆಚ್ಚು ಅಲ್ಲಿ ಕೂರುವಂತಿಲ್ಲ. ಮಂಡಳಿಯ ಅಧ್ಯಕ್ಷಗಿರಿಗೂ ಚೀಟಿಯೇ: ಒಂದು ಹಗಲು, ಒಂದು ರಾತ್ರಿ ಮಾತ್ರ, ಆ ಹೊತ್ತಿನಲ್ಲಿ ಖಜಾನೆಯ ಕೀಲಿ ಮತ್ತು ರಾಜ್ಯದ ಮುದ್ರೆ ಅವನ ಕೈಯಲ್ಲಿ. ಸೇನಾಪತಿಗಳನ್ನು ಮಾತ್ರ ಚೀಟಿಗೆ ಬಿಡದೆ ಚುನಾಯಿಸುತ್ತಿದ್ದರು. ನನಗೆ ಈಗಲೂ ಅದು ಬುದ್ಧಿವಂತರ ಏರ್ಪಾಡೆಂದೇ ಅನ್ನಿಸುತ್ತದೆ.

ಇನ್ನು ಶನಿವಾರದ ಹೆಂಚು. ಅಥೆನ್ಸಿನ ಜನ ವರ್ಷಕ್ಕೊಮ್ಮೆ ‘ಈ ಸಲ ಯಾರನ್ನಾದರೂ ಊರಾಚೆ ಕಳಿಸಬೇಕೇ?’ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಹೌದೆಂದರೆ ಮಡಕೆಯ ಚೂರಿನ ಮೇಲೆ ಒಂದು ಹೆಸರು ಗೀಚಿ ತಂದು ಹಾಕಬೇಕು. ಆಪಾದನೆಯಿಲ್ಲ, ವಿಚಾರಣೆಯಿಲ್ಲ. 6000ದ ಲೆಕ್ಕ ತುಂಬಿತೆಂದರೆ, ಅತಿ ಹೆಚ್ಚು ಚೂರು ಬಿದ್ದವನು ಹತ್ತು ದಿನದೊಳಗೆ ಹೊರಡಬೇಕು, ಹತ್ತು ವರ್ಷ ಮರಳುವಂತಿಲ್ಲ. ಆಸ್ತಿ ಅವನದೇ, ಪೌರತ್ವವೂ ಅವನದೇ. ಸರ್ ಇಷ್ಟು ಹೇಳಿ, ‘ಈ ತರಗತಿಯಿಂದ ಯಾರು ಹೋಗಬೇಕೋ ಬರೆಯಿರಿ’ ಎಂದರು.

ಮೊಳೆ ಹೆಂಚಿನ ಮೇಲೆ ಕೆರೆಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾನು ಆಗ ತರಗತಿಯ ಪ್ರತಿನಿಧಿ; ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಚೂರುಗಳನ್ನು ಮೇಜಿನ ಮೇಲೆ ಸುರಿದಾಗ ಮೊದಲು ಕಂಡದ್ದು ನನ್ನ ಹೆಸರು. ಪಕ್ಕದ್ದರಲ್ಲೂ ನನ್ನದೇ. ಕಿವಿ ಬಿಸಿಯಾಯಿತು.

ಸರ್ ಎಣಿಸಲಿಲ್ಲ. ‘ಹೆಸರನ್ನು ನೋಡಬೇಡಿ, ಬರೆದ ಕೈಯನ್ನು ನೋಡಿ’ ಎಂದು ಚೂರುಗಳನ್ನು ಕೈಬರಹದ ಪ್ರಕಾರ ವಿಂಗಡಿಸತೊಡಗಿದರು. ನಲವತ್ತೊಂದು ಚೂರುಗಳಲ್ಲಿ ಏಳು ಒಂದೇ ಕೈಯವು. ಯಾರೋ ಒಬ್ಬರೇ ಬರೆದು ಹಂಚಿದ್ದರು. ಆಗ ಅವರು ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನಲ್ಲಿ, ಒಂದು ಬಾವಿಯೊಳಗೆ ಸಿಕ್ಕ ಸುಮಾರು 190 ಚೂರುಗಳ ಕಥೆ ಹೇಳಿದರು. ಎಲ್ಲದರ ಮೇಲೂ ಥೆಮಿಸ್ಟೋಕ್ಲಿಸನ ಹೆಸರು. ಪರಿಶೀಲಿಸಿದ ವಿದ್ವಾಂಸರಿಗೆ ಅಷ್ಟರಲ್ಲಿ ಕಂಡದ್ದು 14 ಕೈಬರಹಗಳು ಮಾತ್ರ. ಲಾರಿಯಮ್ ಗಣಿಯ ಬೆಳ್ಳಿಯನ್ನು ಜನರಿಗೆ ಹಂಚಿಬಿಡದೆ ಹಡಗು ಕಟ್ಟಲು ಒಪ್ಪಿಸಿದವನು, ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಡಲಿನಲ್ಲಿ ಊರನ್ನು ಉಳಿಸಿದವನು ಅದೇ ಥೆಮಿಸ್ಟೋಕ್ಲಿಸ್. ಅವನನ್ನು ಓಡಿಸಲು ಯಾರೋ ಮೊದಲೇ ಚೂರು ಗೀಚಿ ಸಿದ್ಧವಾಗಿಟ್ಟಿದ್ದರು. ‘ಕೂಗಿನಲ್ಲಿ ಮೋಸವಿದೆ, ಚೂರಿನಲ್ಲೂ ಇದೆ. ಆದರೆ ಚೂರಿನ ಮೋಸ ಎರಡೂವರೆ ಸಾವಿರ ವರ್ಷ ಕಳೆದ ಮೇಲೂ ಸಿಕ್ಕಿಬೀಳುತ್ತದೆ’ ಎಂದರು ಸರ್. ಅಂದಿನಿಂದ ಬರಹದಲ್ಲಿ ಉಳಿಯುವ ಆಡಳಿತದ ಮೇಲೆ ನನಗೆ ಹುಟ್ಟಿದ ಪ್ರೀತಿ ಇನ್ನೂ ಆರಿಲ್ಲ.

ಒಂಬತ್ತು ಹುಡುಗಿಯರಿದ್ದೆವು. ಮುಂದಿನ ವಾರ ಸರ್ ನಮ್ಮನ್ನೇ ಕೇಳಿದರು: ‘ನೀವು ಎಲ್ಲಿ ಹುಟ್ಟುತ್ತೀರಮ್ಮ?’ ಅಥೆನ್ಸಿನ ಹೆಣ್ಣಿಗೆ ಸಭೆಯಿಲ್ಲ, ನ್ಯಾಯಾಲಯವಿಲ್ಲ. ತಂದೆ, ಗಂಡ, ಇಲ್ಲವೇ ಮಗ ಅವಳ ಪರವಾಗಿ ನಿಲ್ಲಬೇಕು. ಗಂಡಸರ ಬಾಯಲ್ಲಿ ಆದಷ್ಟು ಕಡಿಮೆ ಹೆಸರು ಬರುವುದೇ ಹೆಣ್ಣಿಗೆ ಹಿರಿಮೆ ಎಂದು ಅಥೆನ್ಸಿನ ನಾಯಕ ಪೆರಿಕ್ಲಿಸ್ ಹೇಳಿದ ಮಾತನ್ನು ಇತಿಹಾಸಕಾರ ಥುಸಿಡೈಡಿಸ್ ದಾಖಲಿಸಿದ್ದಾನೆ. ಸ್ಪಾರ್ಟಾದ ಹುಡುಗಿಯರಾದರೋ ಬಯಲಲ್ಲಿ ಓಡುತ್ತಿದ್ದರು, ಭೂಮಿಯ ಒಡೆತನ ಪಡೆಯುತ್ತಿದ್ದರು. ಅಲ್ಲಿನ ನೆಲದ ಐದರಲ್ಲಿ ಎರಡು ಪಾಲು ಹೆಂಗಸರ ಕೈಯಲ್ಲಿತ್ತೆಂದು ಅರಿಸ್ಟಾಟಲ್ ದೂರುತ್ತಾನೆ. ನಾವು ಒಂಬತ್ತೂ ಜನ ಅಂದು ಅಥೆನ್ಸನ್ನು ಬಿಟ್ಟು ಸ್ಪಾರ್ಟಾಕ್ಕೆ ಹೋದೆವು.

‘ಸರಿ, ಆದರೆ ಯಾರ ಮನೆಯಲ್ಲಿ?’ ಎಂದರು ಸರ್. ಆಗ ಅವರು ಹಲಗೆಯ ಎರಡೂ ಪಟ್ಟಿಗಳ ಕೆಳಗೆ ಅಡ್ಡಗೆರೆ ಎಳೆದರು. ಗೆರೆಯ ಕೆಳಗೆ, ಸ್ಪಾರ್ಟಾದ ಕಡೆ ಹೆಲಟ್‌ಗಳೆಂಬ ಜೀತದಾಳುಗಳು. ಮೆಸ್ಸೀನಿಯಾ, ಲಕೋನಿಯಾಗಳ ಹೊಲಗಳನ್ನು ಉತ್ತು ಬೆಳೆಯ ಪಾಲನ್ನು ಒಡೆಯರಿಗೆ ಅಳೆದುಕೊಟ್ಟವರು. ಪ್ಲಟೀಯಾ ಯುದ್ಧಕ್ಕೆ ಹೊರಟ 5000 ಸ್ಪಾರ್ಟನ್ನರಲ್ಲಿ ಒಬ್ಬೊಬ್ಬನ ಹಿಂದೆ ಏಳೇಳು ಹೆಲಟ್‌ಗಳಿದ್ದರೆಂದು ಹೆರೊಡೋಟಸ್ ಬರೆಯುತ್ತಾನೆ. ಅವರನ್ನು ಕೊಂದರೆ ಪಾಪ ಅಂಟದಿರಲೆಂದು ಎಫರ್‌ಗಳು ಅಧಿಕಾರಕ್ಕೆ ಬಂದೊಡನೆ ಹೆಲಟ್‌ಗಳ ಮೇಲೆ ಯುದ್ಧ ಸಾರುತ್ತಿದ್ದರಂತೆ. ಹುಡುಗರನ್ನು ಏಳನೆಯ ವಯಸ್ಸಿಗೇ ಮನೆಯಿಂದ ಬಿಡಿಸಿ ಪಳಗಿಸಿದ್ದು ಹೊರಗಿನ ಶತ್ರುವಿಗಿಂತ ಹೆಚ್ಚಾಗಿ ಈ ಹೊಲದ ಜನರ ಭಯಕ್ಕೆ. ಅಥೆನ್ಸಿನ ಕಡೆ, ಗೆರೆಯ ಕೆಳಗೆ, ಮನೆಗೆಲಸದ ಗುಲಾಮರು, ಲಾರಿಯಮ್ಮಿನ ಸುರಂಗಗಳಲ್ಲಿ ಬೆಳ್ಳಿ ತೋಡಿದ ಗುಲಾಮರು, ತೆರಿಗೆ ಕೊಟ್ಟು ಸೈನ್ಯದಲ್ಲಿ ದುಡಿದರೂ ಪೌರರಾಗದ ವಲಸಿಗರು. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸನೇ ತಂದ ಕಾನೂನಿನಿಂದ ತಂದೆತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಪೌರತ್ವ. ಹಡಗಿನ ಹುಟ್ಟು ಹಾಕಿದ ಬಡ ಪೌರನಿಗೆ ಸಭೆಯಲ್ಲಿ ದನಿ ಬಂದದ್ದು ನಿಜ. ಆ ಹಡಗು ಬೆಳ್ಳಿಯಿಂದ ಬಂದದ್ದೂ ನಿಜ.

ಮುನ್ನೂರು ವೀರರ ಊರು ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಸೋತಾಗ ಕಣದಲ್ಲಿದ್ದ ಏಳುನೂರು ಸ್ಪಾರ್ಟನ್ ಪೌರರಲ್ಲಿ ನಾನೂರು ಜನ ಸತ್ತರು. ಆ ಸಂಖ್ಯೆ ತುಂಬಿಕೊಳ್ಳುವಷ್ಟು ಜನ ಊರಿನಲ್ಲಿ ಉಳಿದಿರಲಿಲ್ಲ. ಸಹಭೋಜನದ ಪಾಲು ಕೊಡಲಾಗದ ಬಡವನ ಹೆಸರನ್ನು ಪೌರರ ಪಟ್ಟಿಯಿಂದ ತೆಗೆದುಹಾಕುತ್ತಾ ಹೋದ ಊರದು. ಎರಡೇ ವರ್ಷಗಳಲ್ಲಿ ಮೆಸ್ಸೀನಿಯಾದ ಹೆಲಟ್‌ಗಳು ಬಿಡುಗಡೆ ಹೊಂದಿ ತಮ್ಮದೇ ನಗರ ಕಟ್ಟಿಕೊಂಡರು. ಇದನ್ನು ಹೇಳುವಾಗ ಸರ್ ದನಿ ಏರಿತ್ತು. ಪರೀಕ್ಷೆಯ ದೃಷ್ಟಿಯಿಂದ ಮುಖ್ಯವಲ್ಲದ ಭಾಗವದು. ಆದರೂ ಆ ಪಾಠಕ್ಕೆ ಇಡೀ ಒಂದು ಗಂಟೆ ಕೊಟ್ಟರು. ಈಗ ನಾನೂ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಯಾವ ರಾಜ್ಯದ ಪಾಠವೇ ಬರಲಿ, ಮೊದಲು ಅಡ್ಡಗೆರೆ ಎಳೆದೇ ಮುಂದುವರಿಯುತ್ತೇನೆ.

ಆ ಶನಿವಾರ ಗಂಟೆ ಬಾರಿಸಿದ ಮೇಲೆ ಸರ್ ನನ್ನನ್ನು ನಿಲ್ಲಿಸಿಕೊಂಡರು. ಚೂರುಗಳನ್ನೆಲ್ಲ ಸೀಮೆಸುಣ್ಣದ ರಟ್ಟಿನ ಪೆಟ್ಟಿಗೆಗೆ ತುಂಬಿ, ‘ಅಥೆನ್ಸಿನವರು ತಮ್ಮ ನಾಯಕ ಅರಿಸ್ಟೈಡಿಸನನ್ನೂ ಹೀಗೇ ಓಡಿಸಿದ್ದರು. ಪರ್ಷಿಯನ್ನರು ಬರುತ್ತಿದ್ದಾರೆಂದಾಗ ಹತ್ತು ವರ್ಷ ಕಾಯದೆ ವಾಪಸು ಕರೆಸಿಕೊಂಡರು. ಅವನು ಬಂದ, ಬಂದು ಅವರ ಪರವಾಗಿಯೇ ಹೋರಾಡಿದ’ ಎಂದರು. ಸೋಮವಾರದಿಂದ ಹಾಜರಿ ಪುಸ್ತಕ ನೀನೇ ತರಬೇಕಮ್ಮ ಎಂದೂ ಹೇಳಿದರು. ಪೆಟ್ಟಿಗೆಯನ್ನು ಗ್ರಂಥಾಲಯದ ಹಿಂದಿನ ಬತ್ತಿದ ಬಾವಿಗೆ ಸುರಿದುಬರುವ ಕೆಲಸ ನನಗೇ ಬಂತು.

ಸುರಿಯುವ ಮೊದಲು ಆ ಏಳರಲ್ಲಿ ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಹೆಸರಿನ ಕೊನೆಯ ಅಕ್ಷರದ ಬಾಲವನ್ನು ಕೆಳಗೆಳೆದು ಸುರುಳಿ ಸುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಪಕ್ಕದಲ್ಲೇ ಕೂರುತ್ತಿದ್ದವಳ ಕೈ ಅದು; ನನ್ನ ಅರ್ಧ ಟಿಪ್ಪಣಿಗಳು ಅವಳ ಪುಸ್ತಕ ನೋಡಿ ಬರೆದುಕೊಂಡವು. ಅದನ್ನೂ ಬಾವಿಗೆ ಬಿಟ್ಟೆ. ತಳ ಮುಟ್ಟಿದ ಸದ್ದು ಕೇಳಿದ ಮೇಲೆ ತರಗತಿಗೆ ಹಿಂದಿರುಗಿ, ಅವಳು ನನಗಾಗಿ ಹಿಡಿದಿಟ್ಟಿದ್ದ ಜಾಗದಲ್ಲಿ ಕುಳಿತೆ.