ಆರ್‌ವಿ ರಿಪೇರಿ: ಯಾವುದನ್ನ ನಾವೇ ಮಾಡ್ಕೋಬೇಕು, ಯಾವುದನ್ನ ಮೆಕ್ಯಾನಿಕ್‌ಗೆ ಕೊಡಬೇಕು?

ಕಳೆದ ಜನವರಿಯಲ್ಲಿ ಒಬ್ಬ ಹಿರಿಯರು ನಮ್ಮ ಕೌಂಟರಿಗೆ ಬಂದರು. ಮಿನ್ನೆಸೋಟಾದಿಂದ ಟ್ರೈಲರ್ ಎಳೆದುಕೊಂಡು ಬಂದವರು. ಮರುಭೂಮಿಯಲ್ಲಿ, ಕರೆಂಟ್ ಇಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದರು. ಹಿಂದಿನ ಸಂಜೆ ತಾವೇ ಹೊಸ ಬ್ಯಾಟರಿ ಕೂರಿಸಿದ್ದರಂತೆ. ಅಲ್ಲಿಂದ ಒಂದು ದೀಪವೂ ಹತ್ತಿಲ್ಲ, ನೀರಿನ ಪಂಪ್ ಓಡಿಲ್ಲ, ಹೀಟರಿನ ಫ್ಯಾನೂ ತಿರುಗಿಲ್ಲ. ಗಂಡ ಹೆಂಡತಿ ಇಬ್ಬರೂ ರಾತ್ರಿಯಿಡೀ ಚಳಿಯಲ್ಲಿ ಕಳೆದಿದ್ದರು.

ನಾನು ಅರಿಝೋನಾದ ಫೀನಿಕ್ಸ್ ಹತ್ತಿರ ಆರ್‌ವಿ ರಿಪೇರಿ ಮಾಡುವ ಅಂಗಡಿಯಲ್ಲಿದ್ದೇನೆ. ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ಒಲೆ, ಫ್ರಿಜ್, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುತ್ತದೆ. ಕೆಲವಕ್ಕೆ ಎಂಜಿನ್ ಇರುತ್ತದೆ, ಕೆಲವನ್ನು ಟ್ರಕ್ಕಿಗೆ ಸಿಕ್ಕಿಸಿ ಎಳೆಯಬೇಕು, ಇವೇ ಟ್ರೈಲರ್‌ಗಳು. ಗಿರಾಕಿಗಳ ತೊಂದರೆ ಕೇಳಿ ಬರೆದುಕೊಂಡು ಒಳಗಿನ ಮೆಕ್ಯಾನಿಕ್‌ಗಳಿಗೆ ದಾಟಿಸುವುದು ನನ್ನ ಕೆಲಸ. ಚಳಿಗಾಲದಲ್ಲಿ ಉತ್ತರದ ಹಿಮ ತಪ್ಪಿಸಿಕೊಂಡು ಜನ ಇಲ್ಲಿಗೆ ಬರುತ್ತಾರೆ, ಆಗ ನಮಗೆ ಪುರುಸೊತ್ತೇ ಇರುವುದಿಲ್ಲ. ದಿನಾ ಕೇಳಿಸುವ ಪ್ರಶ್ನೆ ಒಂದೇ: "ಇದನ್ನ ನಾನೇ ಮಾಡ್ಕೋಬಹುದಾ?"

ಆ ಹಿರಿಯರ ಬ್ಯಾಟರಿ ಚೆನ್ನಾಗಿಯೇ ಇತ್ತು. ಕಾರಿನಲ್ಲಿ ಕಪ್ಪು ವೈರ್ ಅಂದರೆ ಮೈನಸ್, ಅಲ್ವಾ? ಅನೇಕ ಟ್ರೈಲರ್‌ಗಳಲ್ಲಿ ಹಾಗಲ್ಲ. ಕಪ್ಪು ಪ್ಲಸ್, ಬಿಳಿ ಮೈನಸ್. ಅಮೆರಿಕದ ಮನೆ ವೈರಿಂಗಿನ ಬಣ್ಣದ ಲೆಕ್ಕವೇ ಇಲ್ಲೂ ನಡೆಯುತ್ತದೆ. ಅವರು ಕಾರಿನ ಅಭ್ಯಾಸದಲ್ಲಿ ಕಪ್ಪನ್ನು ಮೈನಸ್‌ಗೆ ಕೊಟ್ಟಿದ್ದರು. ಹೀಗೆ ತಿರುಗುಮುರುಗಾದಾಗ ಮೊದಲು ಸುಡಲಿ ಅಂತಲೇ ಒಳಗಿನ ಪ್ಯಾನೆಲ್‌ನಲ್ಲಿ ಫ್ಯೂಸ್‌ಗಳಿರುತ್ತವೆ. ಅವು ತಮ್ಮ ಕೆಲಸ ಮಾಡಿದ್ದವು. ಹತ್ತು ನಿಮಿಷದಲ್ಲಿ ಫ್ಯೂಸ್ ಬದಲಾಯಿತು. ಪ್ಲಸ್ ವೈರಿಗೆ ನಾನು ಒಂದು ಸುತ್ತು ಕೆಂಪು ಟೇಪ್ ಸುತ್ತಿಕೊಟ್ಟೆ.

ಅವರು ಬ್ಯಾಟರಿಗೆ ಕೈ ಹಾಕಿದ್ದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಅನ್ನಿಸುವುದೂ ಇಲ್ಲ. ಕೆಲಸ ಕೆಟ್ಟಿದೆ ಅನ್ನುವುದು ಆ ಕ್ಷಣವೇ ಗೊತ್ತಾಯಿತು. ಗಾಡಿ ನಿಂತಲ್ಲೇ ಇತ್ತು, ಯಾರಿಗೂ ಪೆಟ್ಟಾಗಲಿಲ್ಲ. ನಾನು ಈಗ ಎಲ್ಲರಿಗೂ ಕೇಳುವುದು ಇದನ್ನೇ. "ನಿಮ್ಮ ಕೈಯಲ್ಲಿ ಆಗುತ್ತಾ" ಅಂತ ಕೇಳುವುದಿಲ್ಲ. ಕೈ ಚುರುಕಾಗಿರುವವರಿಗೆ ಎಲ್ಲವೂ ಆಗುತ್ತದೆ. "ತಪ್ಪಾದರೆ ಅದು ಯಾವಾಗ ಗೊತ್ತಾಗುತ್ತೆ? ಇಲ್ಲೇ ನಿಂತಾಗಲೋ, ದಾರಿಯಲ್ಲೋ?" ಅಂತ ಕೇಳುತ್ತೇನೆ.

ಈ ಪ್ರಶ್ನೆ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಒಂದು ಹಳೆಯ ಟ್ರೈಲರ್ ಕೊಂಡೆ. ಚಕ್ರದ ಬೇರಿಂಗ್‌ಗಳಿಗೆ ವರ್ಷಕ್ಕೊಮ್ಮೆ ಗ್ರೀಸ್ ನೋಡಬೇಕು. ನನ್ನ ಗಾಡಿಯ ಚಕ್ರದ ನಡುವಿನ ಹಬ್‌ನ ತುದಿಯಲ್ಲಿ ರಬ್ಬರ್ ಮುಚ್ಚಳ, ಅದರ ಹಿಂದೆ ಗ್ರೀಸ್ ತುಂಬುವ ಸಣ್ಣ ಮೂತಿ, ಅಂದರೆ ನಿಪ್ಪಲ್ ಇತ್ತು. ಚಕ್ರ ಬಿಚ್ಚುವುದೇ ಬೇಡ, ಗ್ರೀಸ್ ಗನ್ ಇಟ್ಟು ಒತ್ತಿದರೆ ಆಯಿತು ಅನ್ನುವಷ್ಟು ಸುಲಭವಾಗಿ ಕಾಣುತ್ತದೆ. ಭಾನುವಾರ ಬೆಳಗ್ಗೆ ಕೂತು ನಾಲ್ಕೂ ಚಕ್ರಕ್ಕೆ ಒತ್ತಿದೆ. ಹೊಸ ಗ್ರೀಸ್ ಹೊರಗೆ ಕಾಣಲಿಲ್ಲ, ಇನ್ನಷ್ಟು ಒತ್ತಿದೆ.

ಮುಂದಿನ ವಾರ ಹೆಂಡತಿ, ಮಗಳ ಜೊತೆ ಫ್ಲಾಗ್‌ಸ್ಟಾಫ್‌ಗೆ ಹೋಗಿದ್ದೆವು. ಆ ಊರು ಸುಮಾರು 2,100 ಮೀಟರ್ ಎತ್ತರದಲ್ಲಿದೆ. ವಾಪಸ್ ಬರುವಾಗ ಐ-17 ಹೆದ್ದಾರಿಯಲ್ಲಿ ಕ್ಯಾಂಪ್ ವರ್ಡೆ ತಲುಪುವಷ್ಟರಲ್ಲಿ ಸಾವಿರ ಮೀಟರಿಗೂ ಜಾಸ್ತಿ ಇಳಿಯಬೇಕು. ಅರ್ಧ ಇಳಿದಾಗ ಬ್ರೇಕ್ ಒತ್ತಿದೆ. ಟ್ರಕ್ ನಿಧಾನವಾಗಲು ನೋಡಿತು. ಹಿಂದಿನಿಂದ ಟ್ರೈಲರ್ ತಳ್ಳಿತು. ಮತ್ತೆ ಒತ್ತಿದೆ, ಮತ್ತೆ ತಳ್ಳಿತು. ಚಾರ್ಮಾಡಿ ಇಳಿಯುವಾಗ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: ಹತ್ತಿದ ಗೇರಲ್ಲೇ ಇಳೀಬೇಕು. ಗೇರ್ ಇಳಿಸಿ, ಬಲಗಡೆಯ ಸಾಲು ಹಿಡಿದು, ಲಾರಿಗಳ ಹಿಂದೆ ನಿಧಾನವಾಗಿ ಇಳಿದೆ. ಮಗಳು ಹಿಂದೆ ನಿದ್ದೆ ಮಾಡುತ್ತಿದ್ದಳು. ನನ್ನ ಅಂಗೈಯ ಬೆವರು ಸ್ಟಿಯರಿಂಗಿಗೆ ಅಂಟುತ್ತಿತ್ತು.

ಸೋಮವಾರ ನಮ್ಮ ಹಿರಿಯ ಮೆಕ್ಯಾನಿಕ್ ಟ್ರೈಲರಿನ ಬ್ರೇಕ್ ಡ್ರಮ್ ಬಿಚ್ಚಿದರು. ಒಳಗೆಲ್ಲ ಕಪ್ಪು ಗ್ರೀಸ್. ನಾನು ಒತ್ತಿದ್ದು ಹಿಂದಿನ ಸೀಲ್ ದಾಟಿ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳ ಮೇಲೆ ಬಿದ್ದಿತ್ತು. ಅವರು ಒಂದು ಶೂ ತೆಗೆದು ನನ್ನ ಕೈಗೆ ಕೊಟ್ಟರು. ಲೈನಿಂಗ್ ಮೇಲೆ ಬೆರಳಾಡಿಸಿದರೆ ಎಣ್ಣೆ ಹಚ್ಚಿದ ಕಾವಲಿಯ ಹಾಗೆ ಜಾರುತ್ತಿತ್ತು. "ಇದನ್ನ ಎಷ್ಟು ತೊಳೆದರೂ ಹೋಗಲ್ಲ, ಒಳಗೆ ಹೀರಿಕೊಂಡಿದೆ," ಅಂದರು. ನಾಲ್ಕೂ ಚಕ್ರಕ್ಕೆ ಹೊಸ ಶೂ, ಹೊಸ ಸೀಲ್. ಬೇರಿಂಗ್ ಬಿಚ್ಚಿ, ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ರೋಲರ್‌ಗಳ ಸಂದಿಗೆ ಹೇಗೆ ತುಂಬಬೇಕು ಅಂತ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರು. ನಿಪ್ಪಲ್‌ನಿಂದಲೇ ತುಂಬುವುದಾದರೆ ಚಕ್ರವನ್ನು ಜಾಕ್ ಮೇಲೆ ಎತ್ತಿ, ತಿರುಗಿಸುತ್ತಾ, ತುಂಬಾ ನಿಧಾನವಾಗಿ ಒತ್ತಬೇಕು. ನಾನು ನೆಲದ ಮೇಲೆ ನಿಂತ ಚಕ್ರಕ್ಕೆ ಅವಸರದಲ್ಲಿ ಒತ್ತಿದ್ದೆ. ಅಂಗಳದಲ್ಲಿ ನಿಂತಿದ್ದಷ್ಟು ದಿನ ಆ ಗಾಡಿಯಲ್ಲಿ ಏನೂ ಕೊರತೆ ಕಾಣಿಸಿರಲಿಲ್ಲ.

ಗ್ಯಾಸ್ ಕೂಡ ಇದೇ ಜಾತಿ. ಆರ್‌ವಿಯಲ್ಲಿ ಪ್ರೊಪೇನ್ ಇರುತ್ತದೆ. ಸೋರಿದರೆ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಅದಕ್ಕೇ ಗ್ಯಾಸ್ ಅಲಾರಂ ಅನ್ನು ನೆಲದ ಹತ್ತಿರ ಹಾಕಿರುತ್ತಾರೆ. ಅದಕ್ಕೂ ಆಯಸ್ಸಿದೆ, ಸಾಮಾನ್ಯವಾಗಿ 5ರಿಂದ 7 ವರ್ಷ. ನಿಮ್ಮದರ ಹಿಂಬದಿಯ ತಾರೀಖು ಇವತ್ತೇ ನೋಡಿ. ಪಂಕ್ಚರ್ ಅಂಗಡಿಯವನು ಟ್ಯೂಬ್ ಮುಳುಗಿಸಿ ಗುಳ್ಳೆ ನೋಡುವ ಹಾಗೆ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಯಾರು ಬೇಕಾದರೂ ನೋಡಬಹುದು. ಆದರೆ ಪೈಪ್ ಬಿಚ್ಚುವುದು, ರೆಗ್ಯುಲೇಟರ್ ಬದಲಾಯಿಸುವುದು ಬೇಡ. ಒತ್ತಡ ಅಳೆಯುವ ಮೀಟರ್ ಹಿಡಿದು ಸೋರಿಕೆ ಪರೀಕ್ಷೆ ಮಾಡುವವರಿಗೇ ಕೊಡಿ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ಚೌಕಾಸಿಗೆ ಇಳಿಯುವುದಿಲ್ಲ.

ಚಾವಣಿಯದ್ದು ನಡುವಿನ ಕಥೆ. ವರ್ಷಕ್ಕೆರಡು ಸಲವಾದರೂ ಏಣಿ ಹತ್ತಿ ಸೀಲಂಟ್, ಅಂದರೆ ಸಂದಿ ಮುಚ್ಚುವ ಅಂಟು, ಬಿರುಕು ಬಿಟ್ಟಿದೆಯಾ ನೋಡುವುದು, ಸಣ್ಣ ಬಿರುಕಿಗೆ ಹೊಸದು ಹಾಕುವುದು ಮಾಲೀಕರೇ ಮಾಡಬೇಕಾದ ಕೆಲಸ. ಇಲ್ಲಿಯ ಬಿಸಿಲು ಸೀಲಂಟನ್ನು ಒಣಗಿಸಿಬಿಡುತ್ತದೆ. ಒಂದೇ ಮಾತು, ಅಂಗಡಿಯಲ್ಲಿ ಸಿಗುವ ಮಾಮೂಲಿ ಸಿಲಿಕೋನ್ ಬಳಿಯಬೇಡಿ. ಆಮೇಲೆ ಅದರ ಮೇಲೆ ಏನೂ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಒಳಗೆ ಹಲಗೆ ಮೆತ್ತಗಾಗಿದ್ದರೆ ಮಾತ್ರ ನಮ್ಮಂಥವರ ಹತ್ತಿರ ತನ್ನಿ. ನೀರು ಎಲ್ಲಿಂದ ಒಳಗೆ ಬಂತು ಅಂತ ಹುಡುಕುವುದೇ ದೊಡ್ಡ ಕೆಲಸ.

ಕಸುಬುದಾರರನ್ನು ಕರೆದರೆ ಸಾಲದು, ಆ ಕಸುಬಿನವರೇ ಆಗಿರಬೇಕು. ಒಬ್ಬ ಗಿರಾಕಿ ತಮ್ಮ ಮನೆ ಪಕ್ಕದಲ್ಲಿ ಆರ್‌ವಿಗೆ 30 ಆಂಪಿಯರ್ ಸಾಕೆಟ್ ಹಾಕಿಸಿದ್ದರು. ಹಾಕಿದವರು ಮನೆ ಕೆಲಸದ ಎಲೆಕ್ಟ್ರಿಷಿಯನ್. 30 ಆಂಪಿಯರ್, ಮೂರು ಪಿನ್ ಅಂದ ತಕ್ಷಣ ಬಟ್ಟೆ ಒಣಗಿಸುವ ಯಂತ್ರದ ಲೆಕ್ಕದಲ್ಲಿ 240 ವೋಲ್ಟ್ ಕೊಟ್ಟಿದ್ದರು. ಆರ್‌ವಿಗೆ ಬೇಕಿದ್ದದ್ದು 120. ಪ್ಲಗ್ ಸಿಕ್ಕಿಸಿದ ಕೂಡಲೇ ಮೈಕ್ರೋವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಎರಡೂ ಸುಟ್ಟವು. ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿದ್ದರೆ ಒಂದು ನಿಮಿಷದ ಕೆಲಸ.

ನಮ್ಮ ಅಂಗಡಿಯ ಕೂಲಿ ಗಂಟೆಗೆ 150 ಡಾಲರ್ ದಾಟುತ್ತದೆ, ಸೀಸನ್‌ನಲ್ಲಿ ಸರದಿ ಮೂರು ವಾರ. ಹಾಗಾಗಿ ನೀರಿನ ಪಂಪ್, ನಲ್ಲಿ, ದೀಪ, ಫ್ಯೂಸ್, ಚಳಿಗಾಲದ ಮೊದಲು ನೀರು ಹೆಪ್ಪುಗಟ್ಟಿ ಪೈಪ್ ಒಡೆಯದಂತೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬುವುದು, ಇವನ್ನೆಲ್ಲ ಮನೆಯಲ್ಲೇ ಕಲಿಯಿರಿ ಅಂತ ನಾನೇ ಹೇಳಿ ಕಳಿಸುತ್ತೇನೆ. ಸಾಮಾನು ಕೊಳ್ಳುವ ಮೊದಲು ಮಾತ್ರ ಒಂದು ಫೋನ್ ಮಾಡಿ ಅನ್ನುತ್ತೇನೆ. ಫ್ರಿಜ್ ತಣ್ಣಗಾಗುತ್ತಿಲ್ಲ ಅಂತ ಹೊಸ ಸರ್ಕ್ಯೂಟ್ ಬೋರ್ಡ್ ತರಿಸಿಟ್ಟುಕೊಂಡವರೊಬ್ಬರಿದ್ದರು. ಗ್ಯಾಸಿನಲ್ಲಿ ನಡೆಯುವ ಆ ಫ್ರಿಜ್ ಸಮತಟ್ಟಾಗಿ ನಿಲ್ಲಬೇಕು. ಅವರ ಗಾಡಿ ಒಂದು ಪಕ್ಕಕ್ಕೆ ವಾಲಿ ನಿಂತಿತ್ತು, ಅಷ್ಟೇ.

ಬೇರಿಂಗ್ ಕೆಲಸ ಈಗ ನಾನೇ ಮಾಡುತ್ತೇನೆ, ಬಿಚ್ಚಿ, ತೊಳೆದು, ಕೈಯಲ್ಲಿ ತುಂಬಿ. ಡ್ರಮ್ ಮುಚ್ಚುವ ಮೊದಲು ಆ ಹಿರಿಯ ಮೆಕ್ಯಾನಿಕ್ ಒಂದು ಸಲ ಬಂದು ಟಾರ್ಚ್ ಹಿಡಿದು ನೋಡುತ್ತಾರೆ. ಅವರು ತಲೆ ಆಡಿಸಿದ ಮೇಲೆಯೇ ಚಕ್ರ ಹಾಕುತ್ತೇನೆ.