ತಮ್ಮನ ಗೇಟ್ ಅಂಕ ಮತ್ತು ಕೋಚಿಂಗ್ ಹುಡುಕಾಟ

ಮಂಗಳೂರು, 23 ಮಾರ್ಚ್ 2025, ಭಾನುವಾರ

ಬುಧವಾರ ಐಐಟಿ ರೂರ್ಕಿಯವರು, ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಮೆಕ್ಯಾನಿಕಲ್ ಪತ್ರಿಕೆಯಲ್ಲಿ ನನ್ನ ತಮ್ಮ ಅರ್ಹತೆಯ ಗೆರೆಯನ್ನೇನೋ ದಾಟಿದ್ದಾನೆ. ಆದರೆ ಎನ್‌ಐಟಿ ಮುಂತಾದ ಕಡೆ ಎಂ.ಟೆಕ್. ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ನ ಹಿಂದಿನ ಸುತ್ತುಗಳಲ್ಲಿ ಸೀಟು ಸಿಕ್ಕವರ ಸ್ಕೋರುಗಳನ್ನು ನೋಡಿದರೆ, ಅವನು ಆಸೆಪಟ್ಟ ಸುರತ್ಕಲ್ ಎನ್‌ಐಟಿಕೆಯ ಎಂ.ಟೆಕ್. ಸೀಟಿಗೆ ಇಷ್ಟು ಸಾಲುವಂತೆ ಕಾಣುವುದಿಲ್ಲ. ಮುಂದಿನ ವರ್ಷ ಮತ್ತೆ ಬರೆಯುವುದೆಂದು ಅವನೇ ತೀರ್ಮಾನಿಸಿದ. ಯಾವ ಕೋಚಿಂಗ್ ಎಂಬುದನ್ನು ನೋಡುವ ಕೆಲಸ, ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವವಳೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು.

ಇಲ್ಲೇ ಬೈಕಂಪಾಡಿಯಲ್ಲಿರುವ ಕೆಲಸ ಬಿಟ್ಟು ಅವನು ಬೆಂಗಳೂರಿನ ಪೂರ್ಣಾವಧಿ ಕ್ಲಾಸಿಗೆ ಸೇರಲಿ ಎಂಬುದು ಅಪ್ಪನ ಅಭಿಪ್ರಾಯ. ಸೀಟು ಸಿಕ್ಕಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುವಾಗ ಕೋಚಿಂಗ್ ಶುಲ್ಕವೇನು ದೊಡ್ಡದಲ್ಲ ಎಂದು ಅವರು ವಾದಿಸುತ್ತಾರೆ, ಅಲ್ಲಿನ ಪೇಯಿಂಗ್ ಗೆಸ್ಟ್ ಬಾಡಿಗೆಯನ್ನೂ ನಿಂತುಹೋಗುವ ಸಂಬಳವನ್ನೂ ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಆನ್‌ಲೈನ್ ಸಂಸ್ಥೆಯೊಂದರವರು ಫೋನಿನ ಮೇಲೆ ಫೋನು ಮಾಡಿ, ರಾತ್ರಿಯೊಳಗೆ ಹಣ ಕಟ್ಟಿದರೆ ಮಾತ್ರ ರಿಯಾಯಿತಿ ಎಂದರು. ಜಾಹೀರಾತಿನಲ್ಲಿರುವ ರ‍್ಯಾಂಕ್ ವಿದ್ಯಾರ್ಥಿ ನಿಮ್ಮಲ್ಲಿ ಯಾವ ಕೋರ್ಸ್ ತೆಗೆದುಕೊಂಡಿದ್ದರು ಎಂದು ಕೇಳಿದೆ. ವಿಚಾರಿಸಿ ಹೇಳುತ್ತೇವೆ ಎಂದವರು ಆಮೇಲೆ ಸುದ್ದಿಯಿಲ್ಲ. ಅದೇ ಮುಖ ಇನ್ನೊಂದು ಸಂಸ್ಥೆಯ ಜಾಹೀರಾತಿನಲ್ಲೂ ನಗುತ್ತಿತ್ತು. ಹೀಗೆ ಫೋಟೊ ಹಾಕುವವರು ಆ ವಿದ್ಯಾರ್ಥಿ ಓದಿದ ಕೋರ್ಸ್ ಯಾವುದು, ಅದಕ್ಕೆ ಹಣ ಕೊಟ್ಟಿದ್ದರೇ ಎಂಬುದನ್ನೂ ತಿಳಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬರಿಯ ಟೆಸ್ಟ್ ಸೀರೀಸ್, ಅಂದರೆ ಅಣಕು ಪರೀಕ್ಷೆಗಳನ್ನಷ್ಟೇ, ಬರೆದವರನ್ನು ಇಡೀ ವರ್ಷ ಪಾಠ ಕೇಳಿದವರೆಂದು ತೋರಿಸಿದರೆ ನಮ್ಮಂಥವರು ನಂಬಿಬಿಡುವುದು ಸುಲಭ.

ಇಂದು ಬೆಳಿಗ್ಗೆ ಜಾಹೀರಾತುಗಳನ್ನೆಲ್ಲ ಬದಿಗಿಟ್ಟು, ತಮ್ಮನ ಉತ್ತರಗಳಿರುವ ರೆಸ್ಪಾನ್ಸ್ ಶೀಟನ್ನೂ ಉತ್ತರ ಸೂಚಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತೆವು. 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಎರಡು ಅಂಕದ ಬಹು ಆಯ್ಕೆ ಪ್ರಶ್ನೆ ತಪ್ಪಾದರೆ ಮೂರನೇ ಎರಡು ಅಂಕ ಕಳೆಯುತ್ತಾರೆ; ಹಾಗಾಗಿ ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ; ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಲು ಬಂದಾಗಲೇ ಊಹೆ ಪ್ರಯೋಜನಕ್ಕೆ ಬರುವುದು. ತಮ್ಮನ ಮೈನಸ್ ಅಂಕಗಳು ಊಹೆಯಿಂದ ಬಂದವಲ್ಲ, ಅರ್ಧ ಗೊತ್ತಿದ್ದ ಪ್ರಶ್ನೆಗಳಿಂದ ಬಂದವು. ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗಳಲ್ಲಿ ಮೈನಸ್ ಇಲ್ಲ ನಿಜ, ಆದರೆ ಒಂದು ಆಯ್ಕೆ ಬಿಟ್ಟುಹೋದರೂ ಪೂರ್ತಿ ಸೊನ್ನೆ. ಅಲ್ಲಿಯೂ ಅವನ ಕಥೆ ಅದೇ. ಕೈಗಾರಿಕಾ ಎಂಜಿನಿಯರಿಂಗ್ ಭಾಗವನ್ನಂತೂ ಅವನು ಮುಟ್ಟಿಯೇ ಇರಲಿಲ್ಲ.

ಸಂಖ್ಯೆಯನ್ನೇ ಉತ್ತರವಾಗಿ ತುಂಬುವ ಪ್ರಶ್ನೆಗಳಲ್ಲಿ ಏಕೆ ಅಷ್ಟು ಹೋಯಿತೆಂದು ತಿಳಿಯಲು ಹಳೆಯ ಪತ್ರಿಕೆಯ ಒಂದು ಶಾಖ ವಿಕಿರಣದ ಲೆಕ್ಕ ಕೊಟ್ಟೆ. ಸೂತ್ರ ಸರಿ, ವಿಸ್ತೀರ್ಣ ಸರಿ, ಕ್ಯಾಲ್ಕುಲೇಟರಿನ ಬೆರಳೂ ಚುರುಕು. ಆದರೆ ಉಷ್ಣತೆಯನ್ನು ಕೆಲ್ವಿನ್‌ಗೆ ತಾರದೆ ಸೆಲ್ಸಿಯಸ್‌ನಲ್ಲಿಯೇ ನಾಲ್ಕನೇ ಘಾತಕ್ಕೆ ಏರಿಸಿಬಿಟ್ಟಿದ್ದ. ತೋರಿಸಿದಾಗ ತಲೆ ಕೆರೆದುಕೊಂಡು, "ಎಂತ ಅಕ್ಕ, ಇದು ನನಗೆ ಗೊತ್ತಿದ್ದದ್ದೇ ಅಲ್ವಾ" ಎಂದ. ಗೊತ್ತಿದ್ದದ್ದೇ ಹೌದು. ಅದನ್ನೇ ಇನ್ನೊಮ್ಮೆ ಮೊದಲಿನಿಂದ ವಿಡಿಯೊದಲ್ಲಿ ಕೇಳಿಸಿಕೊಳ್ಳಲು ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಆದ್ದರಿಂದ ಪೂರ್ಣ ಕೋರ್ಸ್ ಬೇಡವೆಂದು ನಿಶ್ಚಯಿಸಿದೆವು. ಮುಟ್ಟದೆ ಬಿಟ್ಟ ಭಾಗಗಳಿಗೆ ಐಐಟಿ, ಐಐಎಸ್‌ಸಿಗಳು ನಡೆಸುವ ಎನ್‌ಪಿಟೆಲ್‌ನ ಉಚಿತ ಆನ್‌ಲೈನ್ ಪಾಠಗಳು ಸಾಕು. ಹಣ ಕೊಡುವುದು ಟೆಸ್ಟ್ ಸೀರೀಸಿಗೆ ಮಾತ್ರ. ಅದರಲ್ಲೂ ವಿಷಯವಾರು ಪರೀಕ್ಷೆ, ಪ್ರತಿ ಪ್ರಶ್ನೆಗೆ ಬಿಡಿಸಿದ ಉತ್ತರ, ನಿಜವಾದ ಪರೀಕ್ಷೆಯಲ್ಲಿರುವಂತೆ ಪರದೆಯ ಮೇಲಿನ ಕ್ಯಾಲ್ಕುಲೇಟರ್ ಇವೆಲ್ಲ ಇದ್ದರಷ್ಟೇ. ಕೈಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಅಭ್ಯಾಸವಾದವರಿಗೆ ಮೌಸ್‌ನಿಂದ ಒಂದೊಂದೇ ಅಂಕಿ ಒತ್ತುವುದು ಎಷ್ಟು ಹೊತ್ತು ತಿನ್ನುತ್ತದೆಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಇದರ ಜೊತೆಗೆ ನಗರದಲ್ಲೇ ವಾರಾಂತ್ಯಕ್ಕೆ ನಡೆಯುವ ಒಂದು ಸಣ್ಣ ಕ್ಲಾಸಿನವರು, ಪಾಠಕ್ಕೆ ಸೇರದಿದ್ದರೂ ಸಂದೇಹ ಕೇಳಲು ಬರಬಹುದು ಎಂದಿದ್ದಾರೆ. ಪಾಳಿ ಬದಲಾಗುವ ವಾರ ಹೋಗಲಾದೀತೇ ಎಂದು ತಮ್ಮನು ತನ್ನ ಸೂಪರ್‌ವೈಸರ್ ಬಳಿ ಕೇಳಬೇಕಾಗಿದೆ.

ಅಪ್ಪ ಪೂರ್ತಿ ಒಪ್ಪಿಲ್ಲ. ಈಗಿನ ಸ್ಕೋರಿಗೆ 3 ವರ್ಷದ ಮಾನ್ಯತೆ ಇರುವುದರಿಂದ ಈ ಸಲದ ಸಿಸಿಎಂಟಿಗೂ ಅರ್ಜಿ ಹಾಕಲಿ ಎಂದು ನಾನು ಹೇಳಿದ್ದಕ್ಕೆ ಮಾತ್ರ ತಲೆಯಾಡಿಸಿದರು. ದೂರದ ಊರಿನ ಎನ್‌ಐಟಿ ಸಿಕ್ಕಿದರೆ ಹೋಗುವೆಯಾ ಎಂದು ಕೇಳಿದರೆ ತಮ್ಮ ಇನ್ನೂ ಬಾಯಿ ಬಿಟ್ಟಿಲ್ಲ.